ಬೇಡ ಅನ್ನಲಾಗದ ಟೀ

ನಮ್ಮ ಕಡೆ ಊಟ ಅಂದರೆ ಮುದ್ದೆ, ಇಲ್ಲವೆ ಅನ್ನ. ಕೈ ತೊಳೆದು, ತಟ್ಟೆ ಮುಂದಿಟ್ಟುಕೊಂಡು ಕೂತರೆ ಮಾತ್ರ ಅದು ಊಟ. ಮಿಕ್ಕಿದ್ದು ಯಾವುದೂ ಲೆಕ್ಕಕ್ಕಿಲ್ಲ. ಟೀ ಕುಡಿಯುವುದು ಮಾತಾಡುವುದರದ್ದೇ ಒಂದು ಭಾಗ. ಬಾಳೆಹಣ್ಣು ಯಾರೋ ಕೈಗೆ ಕೊಟ್ಟಿದ್ದು. ಕಜ್ಜಾಯ ಹಬ್ಬದ್ದು, ಬೇಡ ಅಂದರೆ ಆ ಮನೆಯ ಹಬ್ಬವನ್ನೇ ಬೇಡ ಅಂದಂತೆ. ಹಸು ಕರು ಹಾಕಿದ ಮನೆಯಲ್ಲಿ ಮೊದಲ ಹಾಲಿಗೆ ಬೆಲ್ಲ ಹಾಕಿ ಗಿಣ್ಣು ಮಾಡುತ್ತಾರಲ್ಲ, ಅದನ್ನು ಯಾರೂ ತಿನ್ನುವುದಿಲ್ಲ, ರುಚಿ ನೋಡುತ್ತಾರೆ. ಹಾಗಾಗಿ ನಮ್ಮ ಯಜಮಾನರು ಸಂಜೆ ಮನೆಗೆ ಬಂದಾಗ "ಇವತ್ತು ಏನೇನು ತಿಂದ್ರಿ?" ಅಂತ ನಾನು ಕೇಳಿದರೆ, "ಏನೂ ಇಲ್ಲ ಕಣೇ, ನೀನು ಕಟ್ಟಿಕೊಟ್ಟ ಎರಡು ರೊಟ್ಟಿ, ಅಷ್ಟೇ" ಅನ್ನುತ್ತಿದ್ದರು. ಸುಳ್ಳು ಹೇಳುವ ಮನುಷ್ಯರಲ್ಲ ಅವರು. ಅವರ ಮಟ್ಟಿಗೆ ಅದು ನಿಜವೇ ಆಗಿತ್ತು.

ನಾವಿರುವುದು ಕೊಳ್ಳೇಗಾಲದಲ್ಲಿ. ಇವರ ಕೆಲಸ ಹನೂರು ದಾಟಿ ಕೌದಳ್ಳಿ ಸುತ್ತಿನ ಹಳ್ಳಿಗಳಲ್ಲಿ. ಸರ್ಕಾರದ ಕಾಗದದಲ್ಲಿ ಇವರ ಹುದ್ದೆಗೆ ಉದ್ದದ ಹೆಸರೊಂದಿದೆ, ಆದರೆ ಅಲ್ಲಿನ ಜನಕ್ಕೆ ಇವರು ದನದ ಡಾಕ್ಟ್ರು. ಹಸು ಬೆದೆಗೆ ಬಂದರೆ, ಎಮ್ಮೆಗೆ ಹೊಟ್ಟೆ ಉಬ್ಬರಿಸಿದರೆ, ಆಡು ಏನೋ ಸೊಪ್ಪು ತಿಂದು ನೊರೆ ಕಾರಿದರೆ ಇವರಿಗೆ ಫೋನು ಬರುತ್ತದೆ. ಮದುವೆಯಾದ ಹೊಸದರಲ್ಲಿ ನನಗೆ ಇದರ ಬಗ್ಗೆ ಜಂಬವೂ ಇತ್ತು, ಕೋಪವೂ ಇತ್ತು. ಈಗ ಜಂಬ ಸ್ವಲ್ಪ ಕಡಿಮೆಯಾಗಿದೆ.

ಇವರಿಗೆ ಶುಗರ್ ಇದೆ ಅಂತ ಗೊತ್ತಾಗಿ ಬಹಳ ವರ್ಷಗಳಾದವು. ಗೊತ್ತಾದ ದಿನವೇ ನಾನು ಸೆರಗು ಬಿಗಿದು ನಿಂತೆ. ಸಕ್ಕರೆ ಡಬ್ಬಿ ಅಟ್ಟ ಸೇರಿತು. ನನ್ನ ತವರು ಯಳಂದೂರಿನ ಹತ್ತಿರದ ಹೊನ್ನೂರು. ಕಬ್ಬು ಅರೆಯುವ ಕಾಲದಲ್ಲಿ ಅಣ್ಣ ಕಳಿಸುತ್ತಿದ್ದ ಅಚ್ಚುಬೆಲ್ಲವನ್ನು ಕಣ್ಣಿಗೆ ಕಾಣದ ಹಾಗೆ ಪಕ್ಕದ ಮನೆಗಳಿಗೆ ಹಂಚಿದೆ. ಒಬ್ಬಟ್ಟು ಮಾಡುವುದನ್ನು ಬಿಟ್ಟೆ. ಒಬ್ಬಟ್ಟೆಂದರೆ ನನಗೆ ಪ್ರಾಣ, ಆದರೂ ಬಿಟ್ಟೆ. ಬೆಳಿಗ್ಗೆ ಹಾಗಲಕಾಯಿ ರಸ, ರಾತ್ರಿ ಒಂದೇ ಮುದ್ದೆ, ಅದೂ ಇವರ ಮುಷ್ಟಿಯಷ್ಟಲ್ಲ, ನನ್ನ ಮುಷ್ಟಿಯಷ್ಟು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ರೋಗವೂ ಇತ್ತು, ಜಗಳವೂ ಇತ್ತು.

ಇಷ್ಟಾದರೂ ರಕ್ತ ಪರೀಕ್ಷೆ ಮಾಡಿಸಿದಾಗಲೆಲ್ಲ ಸಕ್ಕರೆ ಏರಿಯೇ ಇರುತ್ತಿತ್ತು. ಕೊಳ್ಳೇಗಾಲದಲ್ಲಿ ನಾವು ತೋರಿಸುವ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಇವರ ಚೀಟಿ ನೋಡಿ ನನ್ನ ಮುಖ ನೋಡಿ, "ಮನೇಲಿ ಏನು ಕೊಡ್ತಿದ್ದೀರಮ್ಮ ಇವ್ರಿಗೆ?" ಅಂತ ಕೇಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಇವರು ಮಾತ್ರ ಪಕ್ಕದಲ್ಲಿ ಕೈಕಟ್ಟಿ, ಪಾಪದ ಹಸುವಿನ ಹಾಗೆ ಕೂತಿರುತ್ತಿದ್ದರು.

ಆಮೇಲೆ ಕಾಲಿನ ಗಾಯ ಬಂತು. ಬಂತು ಅನ್ನುವುದಕ್ಕಿಂತ ಕಾಣಿಸಿತು ಅನ್ನಬೇಕು. ಒಂದು ಬೆಳಿಗ್ಗೆ ನಾನು ನೆಲ ಒರೆಸುತ್ತಿದ್ದೆ. ಬಚ್ಚಲಿನಿಂದ ನಡುಮನೆಯವರೆಗೆ ಕೆಂಪು ಗುರುತುಗಳು. ನನ್ನ ಕಾಲು ನೋಡಿಕೊಂಡೆ, ಏನೂ ಇಲ್ಲ. ಇವರು ಕುರ್ಚಿಯ ಮೇಲೆ ಪೇಪರ್ ಓದುತ್ತಿದ್ದರು. ಪಾದ ಎತ್ತಿ ನೋಡಿದರೆ ಬಲಗಾಲಿನ ಹೆಬ್ಬೆರಳ ಕೆಳಗೆ ಗಾಯ, ಗಾಯದಲ್ಲಿ ಮುರಿದ ಜಾಲಿಮುಳ್ಳು. ಚಪ್ಪಲಿಯ ಅಟ್ಟೆಯನ್ನು ಕೊರೆದುಕೊಂಡು ಬಂದ ಮುಳ್ಳು ಅದು, ಯಾವತ್ತು ಚುಚ್ಚಿತ್ತೋ. "ನೋವಾಗ್ಲಿಲ್ವೇನ್ರಿ?" ಅಂದರೆ, "ಇಲ್ಲವಲ್ಲ" ಅಂತ ಇವರೇ ಆಶ್ಚರ್ಯಪಟ್ಟರು.

ಡಾಕ್ಟರು ಗಾಯ ತೊಳೆದು ಕಟ್ಟು ಹಾಕಿದರು. ವರ್ಷಗಟ್ಟಲೆ ಸಕ್ಕರೆ ಏರಿದ್ದರೆ ಪಾದಕ್ಕೆ ನೋವೇ ತಿಳಿಯದೆ ಹೋಗುತ್ತದೆ, ನೋವಿಲ್ಲ ಅಂತ ಸುಮ್ಮನಿದ್ದರೆ ಗಾಯ ಒಳಗೊಳಗೇ ಬೆಳೆಯುತ್ತದೆ ಅಂದರು. ಆಮೇಲೆ ಇವರನ್ನು ಬಿಟ್ಟು ನನಗೆ ಹೇಳಿದರು, "ಸಕ್ಕರೆ ಇಳಿದ್ರೆ ಗಾಯ ಮಾಯುತ್ತೆ. ಇಳೀಲಿಲ್ಲ ಅಂದ್ರೆ ಬೆರಳು ತೆಗೀಬೇಕಾಗುತ್ತೆ. ಕಾಲು ಊರಬಾರದು, ಬೈಕು ಓಡಿಸಬಾರದು, ರಜಾ ಹಾಕ್ಲಿ."

ಇವರು ರಜಾ ಹಾಕಲಿಲ್ಲ. ಕಾಲುಬಾಯಿ ಜ್ವರದ ಲಸಿಕೆ ಹಾಕುವ ಸಮಯ, ಹಳ್ಳಿ ಹಳ್ಳಿ ತಿರುಗಬೇಕು, ಈಗ ಮನೆಯಲ್ಲಿ ಕೂತರೆ ದನಗಳ ಗತಿಯೇನು ಅಂತ ವಾದ. ಕಾಲುಬಾಯಿ ಜ್ವರ ದನಕ್ಕೆ ಮಾತ್ರ ಬರುವುದಿಲ್ಲ, ನಿಮ್ಮ ಕಾಲಿಗೂ ಬಾಯಿಗೂ ಮೊದಲು ಸೂಜಿ ಹಾಕಿಸಿಕೊಳ್ಳಿ ಅಂದೆ. ನಗಲಿಲ್ಲ. ಕೌದಳ್ಳಿಯವರೆಗೆ ಬಸ್ಸಿದೆ, ಆದರೆ ಬಸ್ಸು ಕೊಟ್ಟಿಗೆ ಬಾಗಿಲಿಗೆ ಹೋಗುವುದಿಲ್ಲ. ಕಡೆಗೆ ನಾನೇ ಹೇಳಿದೆ, ನನ್ನ ಸ್ಕೂಟರಿನಲ್ಲಿ ಕರೆದುಕೊಂಡು ಹೋಗುತ್ತೇನೆ, ನೀವು ಹಿಂದೆ ಕೂರಿ, ಕಾಲು ನೆಲಕ್ಕೆ ತಾಕಿಸಕೂಡದು. ಸಂತೆಗೆ, ಬ್ಯಾಂಕಿಗೆ ಅಂತ ಊರೊಳಗೆ ಓಡಿಸುತ್ತಿದ್ದ ಸ್ಕೂಟರು. ಹೀಗೆ ಮದುವೆಯಾಗಿ ಇಷ್ಟು ಕಾಲಕ್ಕೆ ನಾನು ಗಂಡನ ಕೆಲಸ ನೋಡಲು ಹೊರಟೆ, ಲಸಿಕೆಯ ಐಸ್ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಇವರು ಹಿಂದೆ.

ಮೊದಲ ದಿನವೇ ನನ್ನ ಕಣ್ಣು ತೆರೆಯಿತು. ಹನೂರಿನಲ್ಲಿ ಒಂದು ಅಂಗಡಿಯ ಮುಂದೆ "ಒಂದು ನಿಮಿಷ ನಿಲ್ಸು" ಅಂದರು. ನಿಲ್ಲಿಸುವ ಮುಂಚೆಯೇ ಅಂಗಡಿಯವನು ಟೀ ಸೋಸುತ್ತಿದ್ದ, ಇವರು ಹೇಳಲೂ ಇಲ್ಲ. ಕೌದಳ್ಳಿಯಲ್ಲಿ ಇನ್ನೊಂದು. ಹಳ್ಳಿಯೊಳಗೆ ಮೊದಲ ಕೊಟ್ಟಿಗೆಯಲ್ಲಿ ಎರಡು ಹಸುವಿಗೆ ಸೂಜಿ ಚುಚ್ಚಿ ಕೈ ತೊಳೆಯುವಷ್ಟರಲ್ಲಿ ಟೀ ಮತ್ತು ಬಾಳೆಹಣ್ಣು. ಎರಡನೇ ಮನೆಯಲ್ಲಿ ಮಗಳು ಬಸುರಿ, ಆಸೆಪಟ್ಟಳೆಂದು ಕಜ್ಜಾಯ ಮಾಡಿದ್ದರು. ಮೂರನೆಯದರಲ್ಲಿ ಗಿಣ್ಣು, ಏಕೆಂದರೆ ಆ ಕರುವನ್ನು ಹೊರಗೆಳೆದವರೇ ಇವರು. ಪಾಲಾರ್ ಕಡೆಯಿಂದ ಬಂದು ನೆಲೆಸಿದ ತಮಿಳು ಮಾತಿನ ಒಂದು ಮನೆಯವರು "ಟೀ ಕುಡಿಚ್ಚಿಟ್ಟು ಪೋಂಗ ಸಾರ್" ಅಂತ, ಕುಡಿಯದೆ ಬಿಡೆವು ಅನ್ನುವ ಹಾಗೆ ದಾರಿಗೆ ಅಡ್ಡ ನಿಂತರು. ಎಲ್ಲ ಕಡೆಯೂ ಸಣ್ಣ ಲೋಟ, ಎರಡೇ ಗುಟುಕು. ಎಲ್ಲ ಕಡೆಯೂ ಡಾಕ್ಟ್ರಿಗೆ ಅಂತ ಸಕ್ಕರೆ ಒಂದು ಚಮಚ ಮುಂದಾಗಿ. ಸ್ವಲ್ಪ ಹೊತ್ತು ನಾನು ಎಣಿಸಿದೆ, ಆಮೇಲೆ ಎಣಿಸುವುದನ್ನು ಬಿಟ್ಟೆ.

ಮಧ್ಯಾಹ್ನ ಒಂದು ಹುಣಸೆಮರದ ಕೆಳಗೆ ಕೂತು ಬುತ್ತಿ ಬಿಚ್ಚಿ, ಎರಡು ರಾಗಿರೊಟ್ಟಿ ತಿಂದು, ಕೈ ತೊಳೆದು, "ನೋಡಿದ್ಯಾ? ಇಷ್ಟೇ ನನ್ನ ಊಟ" ಅಂದರು. ಮುಖದಲ್ಲಿ ಒಂದಿಷ್ಟೂ ಕಪಟ ಇಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಅನ್ನುತ್ತಾರೆ, ಇವರು ಕಣ್ಣು ಬಿಟ್ಟುಕೊಂಡೇ ಕುಡಿದಿದ್ದರು. ನಾನು ಹಾಗಲಕಾಯಿ ಅರೆದ ಬೆಳಿಗ್ಗೆಗಳೆಲ್ಲ ನೆನಪಾದವು. ಅರ್ಧ ಅಳು, ಅರ್ಧ ಸಿಟ್ಟು. ನಾಳೆಯಿಂದ ಯಾವ ಮನೆಯಲ್ಲೂ ಬಾಯಿಗೆ ಏನೂ ಹೋಗಬಾರದು, ನೀವು ಹೇಳದಿದ್ದರೆ ನಾನು ಹೇಳುತ್ತೇನೆ ಅಂದೆ. ಇವರು ಬುತ್ತಿ ಕಟ್ಟತೊಡಗಿದರು.

ಅವತ್ತು ಸಂಜೆ ಕಡೆಯ ಮನೆ, ಊರಾಚೆಯ ಕೇರಿಯಲ್ಲಿ. ಆ ಮನೆಯಾಕೆ ಇವರಿಗಿಂತ ನಾಲ್ಕಾರು ವರ್ಷಕ್ಕೆ ದೊಡ್ಡವಳಿರಬೇಕು, ಇವರು "ಅಕ್ಕ" ಅಂತಲೇ ಕರೆದರು. ಗಂಡ ಇಲ್ಲ. ಒಂದು ಹಸು, ಒಂದು ಕರು, ಹಿತ್ತಲಲ್ಲಿ ನಾಲ್ಕು ನುಗ್ಗೆಮರ. ನಾವು ಸ್ಕೂಟರು ನಿಲ್ಲಿಸಿದ ಸದ್ದಿಗೇ ಆಯಮ್ಮ ಒಳಗಿಂದ ಚಾಪೆ ತಂದು ಜಗಲಿಯ ಮೇಲೆ ಹಾಸಿದಳು. ನನ್ನನ್ನು ನೋಡಿ ಸ್ವಲ್ಪ ತಬ್ಬಿಬ್ಬಾದಳು.

"ಅಮ್ಮೋರೂ ಬಂದವ್ರೆ. ಕೂತ್ಕಳಿ ಅವ್ವ."

ಸೂಜಿ ಹಾಕಿ ಮುಗಿಯುವಷ್ಟರಲ್ಲಿ ಒಲೆಯ ಮೇಲೆ ಟೀ ಕುದಿಯುವ ವಾಸನೆ ಬಂತು. ಆಯಮ್ಮ ಎರಡು ಸ್ಟೀಲ್ ಲೋಟ ಹಿಡಿದುಕೊಂಡು ಬಂದಳು, ಬೂದಿ ಹಾಕಿ ತಿಕ್ಕಿ ಫಳಫಳ ಮಾಡಿದ ಲೋಟ. ಬೆಳಿಗ್ಗೆಯಿಂದ ಒಳಗೆ ಕುದಿಯುತ್ತಿದ್ದ ನಾನು, ಇವರು ಕೈ ಚಾಚುವ ಮುಂಚೆಯೇ, "ಬೇಡಮ್ಮ, ಇವ್ರಿಗೆ ಕೊಡ್ಬೇಡಿ" ಅಂದುಬಿಟ್ಟೆ.

ಆಯಮ್ಮನ ಕೈ ಅಲ್ಲೇ ನಿಂತಿತು. ಅವಳು ನನ್ನನ್ನು ನೋಡಲಿಲ್ಲ, ಇವರ ಹಣೆಯ ವಿಭೂತಿ ನೋಡಿದಳು, ಆಮೇಲೆ ನೆಲ ನೋಡಿದಳು.

"ಆಯ್ತು ಬುಡಿ ಅವ್ವ," ಅಂದಳು. "ತಪ್ಪಿಲ್ಲ."

ಇವರು ಎದ್ದು ಅವಳ ಕೈಯಿಂದ ಲೋಟ ತೆಗೆದುಕೊಂಡು, ನಿಂತೇ, ಪೂರ್ತಿ ಕುಡಿದರು. ಬೇಕಂತಲೇ ನಿಧಾನವಾಗಿ ಕುಡಿದರು. ಆಯಮ್ಮ ಹೊಸಿಲ ಮೇಲೆ ಕೂತು ಎರಡನೇ ಲೋಟವನ್ನು ತಾನು ಕುಡಿದಳು. ನನಗೆ ಲೋಟ ಇರಲಿಲ್ಲ. ನಾನು ಅದನ್ನೇ ನೋಡುತ್ತಿದ್ದೇನೆಂದು ಅವಳಿಗೆ ತಿಳಿಯಿತೋ ಏನೋ, "ಅಮ್ಮೋರು ಕುಡಿದಾರೋ ಇಲ್ವೋ ಅಂತ ಕಾಯಿಸ್ನಿಲ್ಲ" ಅಂದಳು. ಅದರಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು, ನಾನೂ ಏನಾದರೂ ತಿರುಗಿ ಅನ್ನಬಹುದಿತ್ತು.

ದಾರಿಯಲ್ಲಿ ಜಗಳವಾಯಿತು. ಸ್ಕೂಟರು ಓಡಿಸುತ್ತಾ ಜಗಳ ಆಡುವುದು ಕಷ್ಟ, ಬೆನ್ನಿಗೆ ಮಾತಾಡಿದ ಹಾಗಾಗುತ್ತದೆ. ಹನೂರಿಗೆ ಮುಂಚೆ ಒಂದು ಕಡೆ ನಿಲ್ಲಿಸಿದೆ. ಶುಗರ್ ಇದೆ ಅಂತ ಹೇಳಿದ್ದರೆ ಆಗಿತ್ತಲ್ಲ, ಅದರಲ್ಲಿ ಮುಚ್ಚುಮರೆ ಏನು ಅಂದೆ. ಆಗ ಇವರು ನನಗೆ ಇದುವರೆಗೆ ಹೇಳದೇ ಇದ್ದ ಒಂದು ಸಂಗತಿ ಹೇಳಿದರು.

ಕೆಲಸಕ್ಕೆ ಸೇರಿದ ಹೊಸದು. ಆ ಮನೆಯಲ್ಲಿ ಆಗ ಎಮ್ಮೆ ಇತ್ತು, ಕರು ಅಡ್ಡವಾಗಿ ಸಿಕ್ಕಿಕೊಂಡಿತ್ತು. ಬೆಳಗಿನ ಜಾವ ಕರೆ ಬಂದು ಇವರು ಹೋದರು. ಬಿಸಿಲೇರುವ ಹೊತ್ತಿಗೆ ಕರುವೂ ಉಳಿಯಿತು, ಎಮ್ಮೆಯೂ ಉಳಿಯಿತು. ಕೈ ತೊಳೆದು ಕೂತರು. ಆಯಮ್ಮನ ಗಂಡ ಆಗ ಬದುಕಿದ್ದ. ಅವನು ತಮ್ಮ ಮನೆಯ ಒಲೆ ಉರಿಯುತ್ತಿದ್ದರೂ, ಊರೊಳಗಿನ ಹೋಟೆಲಿಗೆ ಓಡಿಹೋಗಿ ಇವರಿಗೆಂದು ಟೀ ಕಟ್ಟಿಸಿಕೊಂಡು ಬಂದ. ಇವರಂಥವರು ತಮ್ಮ ಮನೆಯದು ಕುಡಿಯುವುದಿಲ್ಲ ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಂದ ಟೀ ಆರಿಹೋಗಿತ್ತು. ಇವರು, "ಇದನ್ನ ಆ ಕಡೆ ಚೆಲ್ಲಿ, ನಿಮ್ಮನೇಲಿ ಕಾಯಿಸಿ ಕೊಡಕ್ಕ" ಅಂದರಂತೆ. ಆಯಮ್ಮ ಲೋಟವನ್ನು ಮೂರು ಸಲ ತೊಳೆದು ಟೀ ಕಾಯಿಸಿ ಕೊಟ್ಟಳಂತೆ.

"ಅವತ್ತು ಕೇಳಿ ಕುಡಿದೋನು ನಾನು. ಈಗ ಎಂಗೆ ಬ್ಯಾಡ ಅನ್ನಲಿ?"

"ಶುಗರ್ ಅನ್ನಿ. ನಿಜ ತಾನೆ?"

"ನಿಜ ಕಣೇ. ಆದ್ರೆ ಅವ್ರು ಎಷ್ಟು ನಿಜ ಕೇಳವ್ರೆ ಗೊತ್ತಾ? ಈಗ ತಾನೆ ಕುಡ್ದು ಬಂದೆ. ಹೊಟ್ಟೆ ಸರಿ ಇಲ್ಲ. ಸೋಮವಾರ, ಒಪ್ಪೊತ್ತು. ನಮ್ಮಪ್ಪ ಆಳು ಕರೆಯೋಕೆ ಕೇರಿಗೆ ಓದಾಗಲೆಲ್ಲ ಇದೇ ಯೋಳ್ತಿದ್ದ. ಸುಡೋ ಬಿಸ್ಲಲ್ಲೂ ಒಂದು ಲೋಟ ನೀರು ಮುಟ್ತಿರ್ಲಿಲ್ಲ. ಇರೋ ನೆಪಾನೆಲ್ಲ ನಮ್ಮೋರು ಸವೆಸಿಬಿಟ್ಟವ್ರೆ. ಈಗ ನನ್ನ ಶುಗರೂ ಅದೇ ಸಾಲಿಗೆ ಸೇರ್ತದೆ."

ಮಾತಿನಲ್ಲಿ ಸೋಲುವುದು ನನಗೆ ಅಭ್ಯಾಸವಿಲ್ಲ. ಆ ಲೋಟದ ಮುಂದೆ ನಿಂತು ನಾನು "ಬೇಡಮ್ಮ" ಅಂದ ದನಿ, ಕೇರಿಯವರನ್ನು ಬಾಗಿಲಾಚೆಯೇ ನಿಲ್ಲಿಸಿ ಮಾತಾಡುತ್ತಿದ್ದ ನನ್ನ ಅತ್ತೆಯ ದನಿಯ ಹಾಗೇ ಇತ್ತು ಅನ್ನಿಸಿ ನಾಚಿಕೆಯಾಯಿತು. ಆದರೆ ಹಿಂದೆ ಕೂತಿದ್ದ ಇವರ ಕಾಲಿನ ಕಟ್ಟು ಒದ್ದೆಯಾಗಿತ್ತು. ನಾಚಿಕೆ ಪಟ್ಟುಕೊಂಡು ಮನೆಗೆ ಹೋದರೆ ಬೆರಳು ಉಳಿಯುತ್ತದೆಯೇ?

ಒಪ್ಪಂದಕ್ಕೆ ಬಂದೆವು. ಕೇರಿಯ ಮನೆಗಳಲ್ಲಿ, ಅದೂ ಬೇಡ ಅಂದರೆ ಬೇರೆ ಅರ್ಥ ಬರುವ ಕಡೆ ಮಾತ್ರ, ಒಂದು ಲೋಟ. ಮಿಕ್ಕ ಕಡೆಯೆಲ್ಲ ಬಾಯಿಗೆ ಬೀಗ. ನಮ್ಮವರ ಮನೆಗಳಲ್ಲಿ ಬೇಡ ಅನ್ನುವುದಕ್ಕೆ ಏನು ಧಾಡಿ, ಅವರು ನಮ್ಮನ್ನು ಅನುಮಾನಿಸಲು ಕಾರಣವೇ ಇಲ್ಲ ಅಂತ ನಾನು ಅಂದುಕೊಂಡಿದ್ದೆ. ಅದೂ ತಪ್ಪು ಲೆಕ್ಕ.

ನಮ್ಮ ತವರಿನಲ್ಲಿ ಆಲೆಮನೆ ಹೂಡಿದ್ದರು. ಒಂದು ಭಾನುವಾರ ಹೊನ್ನೂರಿಗೆ ಹೋದೆವು. ಕೊಪ್ಪರಿಗೆಯಿಂದ ಆಗಷ್ಟೇ ಇಳಿಸಿದ ಬಿಸಿಬೆಲ್ಲವನ್ನು ಅಣ್ಣ ಬಾಳೆಎಲೆಯ ಮೇಲೆ ಹಾಕಿ ಇವರ ಮುಂದೆ ಹಿಡಿದ. ಇವರು ಬೇಡ ಭಾವ ಅಂದರು. ಕಬ್ಬಿನಹಾಲು ಬಂತು, ಬೇಡ. ಟೀ ಬಂತು, ಬೇಡ. ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿಕೊಂಡು ಬೇಡ ಅನ್ನುತ್ತಿದ್ದರು, ಬೆಲ್ಲದ ಕಡೆ ನೋಡದೆ ಕಬ್ಬಿನ ಸಿಪ್ಪೆಯ ರಾಶಿ ನೋಡುತ್ತಾ. ನನಗೆ ಅವತ್ತು ಅವರ ಮೇಲೆ ಎಂದೂ ಬರದಷ್ಟು ಪ್ರೀತಿ ಬಂತು. ಅತ್ತಿಗೆಯ ಮುಖ ಮಾತ್ರ ಕುಂಬಳಕಾಯಿಯಾಯಿತು. ಹಿಂದಿನ ವಾರ ನಾನೇ ಫೋನಿನಲ್ಲಿ ಎಲ್ಲ ಕಥೆ ಒದರಿದ್ದೆ. ಅತ್ತಿಗೆ ನನ್ನನ್ನು ಅಡುಗೆಮನೆಗೆ ಕರೆದು, "ಅಲ್ಲೆಲ್ಲಾ ಕುಡೀತಾರಂತೆ, ನಮ್ಮನೇದೇ ಆಗ್ದೆ ಓಯ್ತಾ ನಿಮ್ಮ್ ಯಜಮಾನ್ರಿಗೆ? ನಮ್ಮನೆ ಬೆಲ್ಲಾನೇ ಕಹಿಯಾಯ್ತಾ?" ಅಂದಳು. ಎಷ್ಟು ತಿಳಿಸಿ ಹೇಳಿದರೂ ಅವಳಿಗೆ ಸಮಾಧಾನವಾಗಲಿಲ್ಲ. ಹೊರಡುವಾಗ ಕುಂಕುಮ ಕೊಟ್ಟಳು, ನಗಲಿಲ್ಲ.

ಆದರೂ ಸಕ್ಕರೆ ಇಳಿಯಿತು. ಪರೀಕ್ಷೆಯ ಚೀಟಿ ನೋಡಿ ಡಾಕ್ಟರು ಮೊದಲ ಸಲ ನನ್ನ ಕಡೆ ನಕ್ಕರು. ಹನೂರಿನ ಅಂಗಡಿಯವನು ಇವರು ತನ್ನ ಮೇಲೆ ಮುನಿಸಿಕೊಂಡಿದ್ದಾರೆ ಅಂತ ಬೇಜಾರುಪಟ್ಟುಕೊಂಡಿದ್ದು ಬಿಟ್ಟರೆ ಎಲ್ಲ ಸರಿಯಾಗುತ್ತಿದೆ ಅನ್ನಿಸಿತ್ತು. ಗಾಯದ ಬಾಯಿ ಚಿಕ್ಕದಾಗಿತ್ತು. ನಾನು ಪ್ರತಿ ಸಂಜೆ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಬ್ಯಾಟರಿ ಬಿಟ್ಟು ನೋಡುತ್ತಿದ್ದೆ. ದೇವರ ಮುಂದೆ ಅಷ್ಟು ಹೊತ್ತು ಕೂತವಳಲ್ಲ ನಾನು.

ಮೇಲೆ ಮಾಯುತ್ತಿದ್ದ ಗಾಯ ಒಳಗೆ ಮೂಳೆಗೆ ಇಳಿದಿತ್ತು. ಒಂದು ದಿನ ಬೆರಳು ಊದಿ ಬಣ್ಣ ತಿರುಗಿತು, ಜ್ವರ ಬಂತು. ಡಾಕ್ಟರು ನೋಡಿದ ಕೂಡಲೇ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಹೆಬ್ಬೆರಳು ಹೋಯಿತು. ಪಾದ ಉಳಿಯಿತು ಅಂತ ಎಲ್ಲರೂ ಸಮಾಧಾನ ಹೇಳಿದರು. ನಾನೂ ಬಂದವರಿಗೆಲ್ಲ ಹಾಗೇ ಹೇಳಿದೆ. ಒಳಗೆ ಮಾತ್ರ ನನಗೆ ತಡೆಯಲಾಗದ ಸಿಟ್ಟು. ಇಷ್ಟು ಬಿಗಿಯಾಗಿ ನಡೆದ ಮೇಲೂ ಯಾಕೆ ಅಂತ ಡಾಕ್ಟರನ್ನು ಕೇಳಿದರೆ, "ಇದು ಈ ತಿಂಗಳಿಂದಲ್ಲಮ್ಮ, ಎಷ್ಟೋ ವರ್ಷದ್ದು" ಅಂದರು. ಹನಿ ಹನಿಗೂಡಿದರೆ ಹಳ್ಳ ಅಂತ ಮಕ್ಕಳಿಗೆ ಉಳಿತಾಯ ಕಲಿಸಲು ಹೇಳುತ್ತೇವೆ. ಇವರ ಮೈಯಲ್ಲಿ ಎರಡೆರಡು ಗುಟುಕು ಸೇರಿ ಹಳ್ಳವಾಗಿತ್ತು. ಯಾವ ಗುಟುಕನ್ನು ದೂರಲಿ? ಒಂದೊಂದರಲ್ಲೂ ಯಾರದೋ ಪ್ರೀತಿಯಿತ್ತು, ವಿಷ ಕೊಟ್ಟವರು ಯಾರೂ ಇರಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನೋಡಲು ಜನ ಬಂದರು. ಬಂದವರೆಲ್ಲ ಹಣ್ಣು, ಬಿಸ್ಕತ್ತು, ಒಬ್ಬರಂತೂ ಮೈಸೂರುಪಾಕು ತಂದರು. ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿತ್ತು. ಹೀಗಿರುವಾಗ ಒಂದು ಬೆಳಿಗ್ಗೆ ಬಾಗಿಲ ಹೊರಗೆ ಯಾರೋ ಕೆಮ್ಮಿದ ಸದ್ದಾಯಿತು. ಕೌದಳ್ಳಿ ಕಡೆಯ ಕೇರಿಯ ಆಯಮ್ಮ. ಬಸ್ಸು ಇಳಿದು ಮನೆ ಕೇಳಿಕೊಂಡು ಬಂದಿದ್ದಳು. ಕೈಯಲ್ಲಿ ಒಂದು ಕಟ್ಟು ನುಗ್ಗೆಸೊಪ್ಪು. ಚಪ್ಪಲಿಯನ್ನು ಗೇಟಿನ ಹತ್ತಿರವೇ ಬಿಟ್ಟು, ಬಾಗಿಲ ಮೆಟ್ಟಿಲ ಮೇಲೆ ಕೂರಲು ಹೊರಟಳು. ನಾನು ಕೈ ಹಿಡಿದು ಒಳಗೆ ಕರೆದುಕೊಂಡು ಬಂದು, ಇವರ ಮಂಚದ ಎದುರಿನ ಕುರ್ಚಿಯಲ್ಲಿ ಕೂರಿಸಿದೆ. ಕುರ್ಚಿಯ ತುದಿಯಲ್ಲಿ ಕೂತಳು.

ಇವರ ಕಟ್ಟು ಕಟ್ಟಿದ ಪಾದ ನೋಡಿ ಆಯಮ್ಮ ಕಣ್ಣೊರೆಸಿಕೊಂಡಳು. ಇವರು, "ಬೆರಳು ತಾನೆ ಅಕ್ಕ, ಇನ್ನೂ ಒಂಬತ್ತು ಅವೆ" ಅಂತ ನಗಿಸಲು ನೋಡಿದರು. ಅವಳು ನಗಲಿಲ್ಲ.

ನಾನು ಅಡುಗೆಮನೆಗೆ ಹೋಗಿ ಟೀ ಇಟ್ಟೆ. ಅಟ್ಟದಿಂದ ಸಕ್ಕರೆ ಡಬ್ಬಿ ಇಳಿಸಿದೆ. ನಾವು ದಿನಾ ಕುಡಿಯುವ ಲೋಟದಲ್ಲೇ ಹಾಕಿ, ಎರಡು ಕೈಯಲ್ಲಿ ಹಿಡಿದು ತಂದೆ. ಅವತ್ತಿನ ತಪ್ಪನ್ನು ಇವತ್ತು ತೊಳೆದುಬಿಡುತ್ತೇನೆ ಅನ್ನುವ ಹುಮ್ಮಸ್ಸಿತ್ತು ನನಗೆ. ಆಯಮ್ಮ ಲೋಟ ನೋಡಿದಳು, ನನ್ನ ಮುಖ ನೋಡಿದಳು.

"ಬ್ಯಾಡ ಕಣವ್ವ," ಅಂದಳು.

ನಾನು ಲೋಟ ಹಿಡಿದು ನಿಂತೇ ಇದ್ದೆ. ಬಿಸಿ ಬೆರಳಿಗೆ ತಾಕುತ್ತಿತ್ತು, ಎಲ್ಲಿಡಬೇಕೆಂದು ತಿಳಿಯಲಿಲ್ಲ. ಕೊಟ್ಟಿದ್ದನ್ನು ಎದುರಿಗಿರುವವರು ಬೇಡ ಅಂದರೆ ಕೈಗೆ ಏನಾಗುತ್ತದೆ ಅಂತ ನನಗೆ ಆಗ ಗೊತ್ತಾಯಿತು. ಬಾಯಿಂದ ಮಾತು ತಾನಾಗಿ ಬಂತು: "ಯಾಕಮ್ಮ, ನಮ್ಮನೇದು ಬೇಡ್ವಾ?"

"ಅಯ್ಯೋ ಅಂಗಲ್ಲವ್ವ." ಆಯಮ್ಮ ಸೆರಗಿನ ತುದಿಯನ್ನು ಸುತ್ತುತ್ತಾ ತಲೆ ತಗ್ಗಿಸಿದಳು. "ನಂಗೂ ಅದೆ ಕಣವ್ವ. ಸುಗರ್ರು."

ಇವರು ದಿಂಬಿನಿಂದ ಎದ್ದು ಕೂತರು. "ಯಾವಾಗ್ಲಿಂದ ಅಕ್ಕ?"

"ಬಾಳ ವರ್ಸ ಆಯ್ತು ಸಾ. ಮಾತ್ರೆ ತಕಂಡು ಬತ್ತೀನಿ, ಮುಗುದ್ರೆ ಸುಮ್ಕಾಯ್ತೀನಿ. ಟೀ ಬುಡು ಅಂದ್ರು, ಬುಟ್ಟೆ."

"ಬಿಟ್ಯಾ? ಅವತ್ತು ನಮ್ಮ ಮುಂದೇನೇ ಕುಡಿದ್ಯಲ್ಲಮ್ಮ?" ಅಂದೆ ನಾನು.

"ಸಾ ಬಂದಾಗ ಮಾತ್ರ ಕಣವ್ವ. ಇವ್ರು ಬಾಯ್ಬುಟ್ಟು ಕೇಳಿ ಕುಡಿದ ಮನೆ ಅದು. ನಾನು ಕೊಟ್ಟು ನಾನೇ ಕುಡೀದೆ ಕೂತ್ರೆ ಇವ್ರೊಬ್ರೇ ಎಂಗೆ ಕುಡಿದಾರು? ಏನಾರ ಅಂದ್ಕಂಡಾರು ಅಂತ. ಇವ್ರು ಬರೋರು ಅಂತ್ಲೇ ಸಕ್ಕರೆ ತಂದು ಮಡಗ್ತಿದ್ದೆ." ಇವರ ಪಾದದ ಕಡೆ ಕೈ ತೋರಿಸಿದಳು. "ಈಗ ಬೆರಳೇ ಓಯ್ತು. ಇನ್ಯಾವ ಮರ್ವಾದಿ ನೋಡನ ಯೋಳವ್ವ. ಅದ್ಕೆ ಬ್ಯಾಡ ಅಂದೆ."

ಇಬ್ಬರ ತಲೆಗೂ ಒಂದೊಂದು ಮೊಟಕಬೇಕು ಅನ್ನಿಸಿತು ನನಗೆ. ಅವಳಿಗೆ ನೋವಾಗದಿರಲಿ ಅಂತ ಇವರು ಕುಡಿದರು, ಇವರಿಗೆ ನೋವಾಗದಿರಲಿ ಅಂತ ಅವಳು ಕುಡಿದಳು. ಇಬ್ಬರೂ ಎದುರುಬದುರು ಕೂತು ವರ್ಷಾನುಗಟ್ಟಲೆ ಒಬ್ಬರ ಮರ್ಯಾದೆಯನ್ನು ಇನ್ನೊಬ್ಬರು ಕಾದರು. ಇಬ್ಬರಲ್ಲಿ ಒಬ್ಬರು ಬಾಯಿಬಿಟ್ಟು ಒಂದು ಮಾತು ಆಡಿದ್ದರೆ ಆಗುತ್ತಿತ್ತು. ಆ ಮಾತನ್ನು ಆಡಲಾಗದ ಹಾಗೆ ಮಾಡಿಟ್ಟವರು ಸತ್ತು ಎಷ್ಟೋ ಕಾಲವಾಗಿತ್ತು.

"ಕಾಲು ತೋರ್ಸಕ್ಕ," ಅಂದರು ಇವರು.

"ಏನಿಲ್ಲ ಸಾ, ಚೆನ್ನಾಗವೆ."

ಇವರು ಮಂಚದ ಅಂಚು ಹಿಡಿದು, ಕಟ್ಟಿದ ಕಾಲನ್ನು ಮುಂದೆ ಚಾಚಿಕೊಂಡು ನೆಲಕ್ಕೆ ಇಳಿದೇಬಿಟ್ಟರು. ನಾನು ಬೇಡ ಅನ್ನುವುದರೊಳಗೆ ಆಯಮ್ಮನ ಕುರ್ಚಿಯ ಮುಂದೆ ಕೂತು ಅವಳ ಹಿಮ್ಮಡಿಗೆ ಕೈ ಹಾಕಿದ್ದರು. ಆಯಮ್ಮ ಬೆಚ್ಚಿ ಕಾಲು ಎಳೆದುಕೊಂಡಳು.

"ಬ್ಯಾಡ ಸಾ, ಕಾಲ್ ಮುಟ್ಬ್ಯಾಡಿ. ನನ್ನ ಪಾಪಕ್ಕೆ ಗುರಿ ಮಾಡ್ಬ್ಯಾಡಿ."

"ಸುಮ್ನೆ ಕೂತ್ಕ ಅಕ್ಕ. ನಿನ್ನ ಹಸುವೇ ವಾಸಿ, ಕೇಳಿದ ಕೂಡ್ಲೆ ಕಾಲು ಕೊಡ್ತದೆ."

ಹಸುವಿನ ಗೊರಸು ಎತ್ತುವ ಹಾಗೆಯೇ ಎತ್ತಿ, ಪಾದವನ್ನು ತಮ್ಮ ಮೊಣಕಾಲಿನ ಮೇಲೆ ಇಟ್ಟುಕೊಂಡರು. ನಾನು ಬ್ಯಾಟರಿ ತಂದು ಪಕ್ಕದಲ್ಲಿ ಕೂತೆ. ಬಿರುಕು ಬಿಟ್ಟ ಹಿಮ್ಮಡಿ, ಮಣ್ಣು ಕೂತ ಗೆರೆಗಳು. ಕಿರುಬೆರಳ ಕೆಳಗೆ ಒಂದು ಕಡೆ ಚರ್ಮ ದಪ್ಪಗಾಗಿ ಹಳದಿ ತಿರುಗಿತ್ತು. ಅದರ ನಡುವೆ ಮೆಣಸಿನ ಕಾಳಿನಷ್ಟು ಕಪ್ಪು. ಇವರು ನನ್ನ ಮುಖ ನೋಡಿದರು, ನಾನು ಇವರ ಮುಖ ನೋಡಿದೆ.

ಆಯಮ್ಮ ಮುಖ ಆ ಕಡೆ ತಿರುಗಿಸಿ, ನಾಚಿಕೆಯಿಂದ ಕಿಟಕಿಯ ಕಡೆ ನೋಡುತ್ತಿದ್ದಳು. ಇವರು ಆ ಕಪ್ಪಿನ ಮೇಲೆ ಹೆಬ್ಬೆರಳು ಇಟ್ಟು ಒತ್ತಿದರು. ಇನ್ನೂ ಬಲವಾಗಿ ಒತ್ತಿದರು.

"ನೋಯ್ತದಾ ಅಕ್ಕ?"

"ಎಲ್ಲಿ ಸಾ?" ಅಂದಳು ಆಯಮ್ಮ, ಇನ್ನೂ ಕಿಟಕಿಯ ಕಡೆಯೇ ನೋಡುತ್ತಾ. "ಒತ್ತಿ, ಯೋಳ್ತೀನಿ."

ಇವರು ಒತ್ತುತ್ತಲೇ ಇದ್ದರು.